ಆ ಬೆರಳಿನವರು ಓಡುವುದಿಲ್ಲ

"ಕೈಯ ಐದು ಬೆರಳೂ ಒಂದೇ ಸಮ ಇರುತ್ತವೆಯೇ" ಎಂದು ಯಾರಾದರೂ ಗಾದೆ ಎತ್ತಿದರೆ ಸಾಕು, ನಮ್ಮ ಅಪ್ಪ ಬಲಗೈಯನ್ನು ಮುಂದೆ ಚಾಚಿ, "ಯಾಕಿರಲ್ಲ? ನಮ್ಮನೇಲಿ ಇರ್ತವೆ ನೋಡಿ" ಎನ್ನುತ್ತಿದ್ದರು. ಅದು ಸುಳ್ಳೇನಲ್ಲ. ಅವರ ಹೆಬ್ಬೆರಳು ಹೆಬ್ಬೆರಳಿನಂತೆ ಇರಲೇ ಇಲ್ಲ. ಎಲ್ಲರ ಹೆಬ್ಬೆರಳಿಗೆ ಎರಡು ಗೆಣ್ಣಾದರೆ ಅವರದಕ್ಕೆ ಮೂರು. ತೆಳ್ಳಗೆ, ಉದ್ದಕ್ಕೆ, ಉಳಿದ ನಾಲ್ಕರ ಪಕ್ಕದಲ್ಲಿ ಅದೇ ಸಾಲಿಗೆ ನಿಂತ ಇನ್ನೊಂದು ಬೆರಳು. ಅದನ್ನು ಮಡಚಿ ಕಿರುಬೆರಳಿಗೆ ಮುಟ್ಟಿಸಲು ಅವರಿಗೆ ಬರುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ಅವರು ಸೀಮೆಸುಣ್ಣವನ್ನು ತೋರುಬೆರಳು, ನಡುಬೆರಳಿನ ಸಂದಿಯಲ್ಲಿ ಸಿಕ್ಕಿಸಿಕೊಂಡು, ಬೀಡಿ ಹಿಡಿದವರ ಹಾಗೆ ಬರೆಯುತ್ತಿದ್ದರು. ಅಕ್ಷರ ಮಾತ್ರ ದುಂಡಗೆ, ಚೆಂದ. ಹುಡುಗರು ಬೆನ್ನ ಹಿಂದೆ ಅಣಕಿಸುತ್ತಿದ್ದರಂತೆ. ಅದು ಅವರಿಗೆ ಗೊತ್ತಿತ್ತು, ಸಿಟ್ಟು ಬರುತ್ತಿರಲಿಲ್ಲ.

ಮನೆಯಲ್ಲಿ ಅದಕ್ಕೆ ತಾತನ ಬೆರಳು ಎಂದು ಹೆಸರು. ಅಪ್ಪನ ತಂದೆಗಿತ್ತು, ಅಪ್ಪನಿಗೆ ಬಂತು, ಅಪ್ಪನಿಂದ ನನ್ನ ತಮ್ಮನಿಗೆ ಬಂತು. ನನಗೆ ಬರಲಿಲ್ಲ. ಚಿಕ್ಕವಳಿದ್ದಾಗ ನನಗೆ ಅದೊಂದು ದೊಡ್ಡ ಕೊರಗು. ಏಕೆಂದರೆ ನಮ್ಮಲ್ಲಿ ಯುಗಾದಿಯ ದಿನ ಬೇವುಬೆಲ್ಲವನ್ನು ಆ ಬೆರಳಿನವರೇ ಹಂಚಬೇಕು. ಯಾರು ಮಾಡಿದ ಶಾಸ್ತ್ರವೋ, ಯಾವ ಪುರೋಹಿತರನ್ನು ಕೇಳಿದರೂ ಅವರಿಗೆ ಗೊತ್ತಿರಲಾರದು. ಅಪ್ಪ ಬೆಳ್ಳಿ ಬಟ್ಟಲಿನಲ್ಲಿ ಬೇವುಬೆಲ್ಲ ಹಿಡಿದು ಬರುವರು, ಪಕ್ಕದಲ್ಲಿ ಪುಟ್ಟ ತಮ್ಮ ಚಿಟಿಕೆ ಚಿಟಿಕೆಯಾಗಿ ಎಲ್ಲರ ಅಂಗೈಗೆ ಇಡುತ್ತ ಬರುವನು. ಹೊಟ್ಟೆಕಿಚ್ಚಿಗೆ ನಾನು ಒಂದು ಸಲ ಕೈ ಚಾಚದೆ ಬೆನ್ನು ತಿರುಗಿಸಿ ನಿಂತಿದ್ದೆ. ಅವನು ಸುತ್ತಿ ಬಂದು ನನ್ನ ಬಾಯಿಗೇ ಇಟ್ಟುಬಿಟ್ಟ.

ಆ ಬೆರಳಿನ ಜೊತೆಗೆ ಇನ್ನೊಂದು ಮಾತೂ ಮನೆಯಲ್ಲಿ ಓಡಾಡುತ್ತಿತ್ತು: "ಆ ಬೆರಳಿನವರು ಓಡೋದಿಲ್ಲ." ತಾತ ಓಡಿದ್ದನ್ನು ಯಾರೂ ಕಂಡಿರಲಿಲ್ಲವಂತೆ. ಅಪ್ಪ ಬಸ್ಸಿಗಾಗಿ ಓಡಿದವರಲ್ಲ. ಒಂದು ಬಸ್ಸು ಹೋದರೆ ಇನ್ನೊಂದು ಬರುತ್ತದೆ ಎಂದು ಛತ್ರಿಯ ಮೇಲೆ ಭಾರ ಬಿಟ್ಟು ನಿಲ್ಲುವರು. ಯಾರಿಗೋ ಬದನೆಕಾಯಿ ಆಗುವುದಿಲ್ಲ, ಯಾರಿಗೋ ಸಿನಿಮಾ ಆಗುವುದಿಲ್ಲ, ಇವರಿಗೆ ಓಟ ಆಗುವುದಿಲ್ಲ. ನಮ್ಮ ಮಟ್ಟಿಗೆ ಅದು ಅಷ್ಟೇ ಆಗಿತ್ತು.

ನನ್ನ ತಮ್ಮ ಇದರಲ್ಲಿ ಇಬ್ಬರು ಹಿರಿಯರನ್ನೂ ಮೀರಿಸಿದವನು. ನಮ್ಮ ಮನೆ ಜಯನಗರ ಒಂಬತ್ತನೇ ಬ್ಲಾಕಿನಲ್ಲಿ. ಅಲ್ಲಿಂದ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಸೊಪ್ಪು ತರಲು ಕಳಿಸಿದರೆ ಅವನಿಗೆ ದಾರಿಯುದ್ದಕ್ಕೂ ತಂಗುದಾಣಗಳು. ಮೂಲೆಮನೆಯ ಹೊಂಗೆ ಮರದ ಕೆಳಗಿನ ಚಪ್ಪಡಿ ಮೊದಲನೆಯದು. ಆಮೇಲೆ ಮೋರಿ ಕಟ್ಟೆ. ಏರು ಮುಗಿದ ಮೇಲೆ ಇಸ್ತ್ರಿ ಗಾಡಿಯ ಪಕ್ಕದ ಕಲ್ಲು. ಪ್ರತಿಯೊಂದರ ಮೇಲೂ ಒಂದಿಷ್ಟು ಹೊತ್ತು ಕೂತು, ದಾರಿಯಲ್ಲಿ ಹೋಗುವವರನ್ನು ಮಾತಾಡಿಸಿ, ಆಮೇಲೆ ಏಳುವನು. ಬೀದಿಯವರು ಅವನಿಗೆ 'ಆರ್ಡಿನರಿ ಬಸ್ಸು' ಎಂದು ಹೆಸರಿಟ್ಟಿದ್ದರು, ಎಲ್ಲ ಸ್ಟಾಪಿನಲ್ಲೂ ನಿಲ್ಲುತ್ತಾನೆಂದು. ಅವನೂ ಅದಕ್ಕೆ ಒಗ್ಗಿಕೊಂಡು, ಎದ್ದು ಹೊರಡುವಾಗ ಬಾಯಲ್ಲೇ "ರೈಟ್ ರೈಟ್" ಎನ್ನುತ್ತಿದ್ದ.

ನಗದೇ ಇದ್ದವಳು ಅಮ್ಮ ಒಬ್ಬಳೇ. ಅವಳು ಚುರುಕಿನ ಹೆಂಗಸು, ಕೂತರೆ ಮೈಗೆ ಮುಳ್ಳು ಚುಚ್ಚಿದ ಹಾಗೆ ಆಡುವವಳು. ಮಾವನ ಆಲಸ್ಯ, ಗಂಡನ ಆಲಸ್ಯ ಸಹಿಸಿ ಸಾಕಾಗಿ, ಮಗನನ್ನಾದರೂ ತಿದ್ದಬೇಕೆಂದು ಹಟ ಹಿಡಿದಿದ್ದಳು. "ಕೂತು ತಿನ್ನೋನಿಗೆ ಕುಡಿಕೆ ಹೊನ್ನು ಸಾಲದು" ಎಂಬುದು ಅವಳ ಬೆಳಗಿನ ಸುಪ್ರಭಾತ. ಶನಿವಾರ ಸಂಜೆ ರಾಗಿಗುಡ್ಡದ ಮೇಲಿನ ಆಂಜನೇಯನ ಗುಡಿಗೆ ಹೋಗುವುದು ನಮ್ಮ ರೂಢಿ. ಮೆಟ್ಟಿಲ ಹತ್ತಿರ ಬಂದ ಕೂಡಲೇ ತಮ್ಮ, "ನಾನು ಚಪ್ಪಲಿ ಕಾಯ್ತೀನಿ, ನೀವು ಹೋಗ್ಬನ್ನಿ" ಎಂದು ಕೆಳಗೇ ಕೂರುವನು.

"ಆಂಜನೇಯ ಅಲ್ಲಿ ಕಾಣ್ತಾ ಇದಾನೆ, ನಾಲ್ಕು ಮೆಟ್ಲು ಹತ್ತೋಕಾಗಲ್ವೇನೋ ನಿಂಗೆ? ಅರವತ್ತು ವರ್ಷದ ಮುದುಕೀರು ಹತ್ತುತಾರೆ."

"ಅವರಿಗೆ ಪುಣ್ಯ ಬೇಕಮ್ಮಾ. ನಂಗೆ ಚಪ್ಪಲಿ ಸಾಕು."

"ಕೂತ್ಕೋ ಹಾಗಾದ್ರೆ. ಚಪ್ಪಲಿ ಕಾಯೋಕೇ ಲಾಯಕ್ಕು ನೀನು."

ಅವನು ನಕ್ಕು ನಮ್ಮೆಲ್ಲರ ಚಪ್ಪಲಿಗಳನ್ನು ಜೋಡಿಜೋಡಿಯಾಗಿ ಒಪ್ಪವಾಗಿ ಇಟ್ಟುಕೊಂಡು ಕೂರುತ್ತಿದ್ದ. ನಾವು ಮೇಲೆ ಹೋಗಿ, ಪ್ರದಕ್ಷಿಣೆ ಹಾಕಿ, ತೀರ್ಥ ತೆಗೆದುಕೊಂಡು, ಅವನ ಪಾಲಿನ ಪ್ರಸಾದ ಹಿಡಿದು ಇಳಿದು ಬರುತ್ತಿದ್ದೆವು. ಒಂದು ಸಲ ಅಮ್ಮ ಕೈಹಿಡಿದು ಎಳೆದುಕೊಂಡು ಹೋಗಿದ್ದಳು. ಅರ್ಧ ದಾರಿಗೆ ತುಟಿ ಕಪ್ಪಿಟ್ಟು ಕುಸಿದು ಕೂತ. "ನಾಟಕ" ಎಂದಳು ಅಮ್ಮ. ಅವನು ನಾಟಕವನ್ನೂ ಚೆನ್ನಾಗಿ ಆಡುತ್ತಿದ್ದನಾದ್ದರಿಂದ ಆ ಮಾತನ್ನು ಎಲ್ಲರೂ ನಂಬಿದೆವು.

ದೊಡ್ಡವನಾದ ಮೇಲೆ ಅವನು ಕೂತೇ ಮಾಡುವ ಕೆಲಸ ಹುಡುಕಿಕೊಂಡ. ಒಂಬತ್ತನೇ ಬ್ಲಾಕಿನಲ್ಲೇ ಒಂದು ಸಣ್ಣ ಮಳಿಗೆ ಹಿಡಿದು ಕಾದಂಬರಿ, ವಾರಪತ್ರಿಕೆಗಳನ್ನು ಬಾಡಿಗೆಗೆ ಕೊಡುವ ಲೈಬ್ರರಿ ತೆರೆದ. ಆಗಿನ್ನೂ ಮನೆಮನೆಯ ಹೆಂಗಸರು ಮಧ್ಯಾಹ್ನದ ಹೊತ್ತು ಕಾದಂಬರಿ ಓದುತ್ತಿದ್ದ ಕಾಲ. ಯಾರಿಗೆ ಯಾವ ಪುಸ್ತಕ ಹಿಡಿಸುತ್ತದೆ, ಯಾರ ಮನೆಯಲ್ಲಿ ಅತ್ತೆಗೆ ಗೊತ್ತಾಗದಂತೆ ಯಾವುದನ್ನು ಪೇಪರಿನಲ್ಲಿ ಸುತ್ತಿ ಕೊಡಬೇಕು, ಎಲ್ಲ ಅವನಿಗೆ ಗೊತ್ತಿತ್ತು. ಮದುವೆಯಾದ. ಅವನ ಹೆಂಡತಿ ಮಾತು ಕಡಿಮೆಯ, ಕೆಲಸ ಜಾಸ್ತಿಯ ಹುಡುಗಿ. ಅಮ್ಮನಿಗೆ ಮೊದಲ ದಿನವೇ ಮೆಚ್ಚಾಯಿತು. ನಾನು ಮದುವೆಯಾಗಲಿಲ್ಲ, ಅದು ಬೇರೆ ಕತೆ. ಬನಶಂಕರಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳಿಕೊಂಡು ಅದೇ ಮನೆಯಲ್ಲಿ ಉಳಿದೆ.

ಅಪ್ಪ ಎಪ್ಪತ್ತು ದಾಟಿ ತೀರಿಕೊಂಡರು. ಅದರ ಮರುವರ್ಷ ತಮ್ಮನಿಗೆ ಮಗಳು ಹುಟ್ಟಿದಳು. ಬಾಣಂತಿಯ ಪಕ್ಕ ಮಲಗಿದ್ದ ಕೂಸಿನ ಮುಷ್ಟಿಯನ್ನು ಅಮ್ಮ ಮೆಲ್ಲಗೆ ಬಿಡಿಸಿ ನೋಡಿದಳು. ಎರಡೂ ಕೈಯಲ್ಲಿ ತಾತನ ಬೆರಳು. "ಬಂದ್ರಲ್ಲ, ನಿಮ್ಮಪ್ಪ" ಎಂದು ಅಮ್ಮ ಮಗನ ಕಡೆ ತಿರುಗಿ ಹೇಳಿದಳು. ಅಷ್ಟು ದಿನದ ಮೇಲೆ ಅವಳು ನಕ್ಕದ್ದು ಆಗಲೇ. ತಮ್ಮ ಮಗುವಿನ ಪುಟ್ಟ ಬೆರಳನ್ನು ತನ್ನ ಬೆರಳಿನ ಪಕ್ಕ ಇಟ್ಟು ಅಳತೆ ನೋಡಿ, "ಓಡೋ ಕಷ್ಟ ತಪ್ಪಿತು ಬಿಡು ನಿಂಗೆ" ಎಂದ.

ಆ ಮಗು ಸರಿಯಾಗಿ ಮಾತು ಕಲಿಯುವ ಮುನ್ನವೇ ಅವನು ಹೋದ. ಮೂವತ್ತು ದಾಟಿ ಸ್ವಲ್ಪವೇ ಆಗಿತ್ತು. ಮಧ್ಯಾಹ್ನ ಲೈಬ್ರರಿಯಲ್ಲಿ ಕುರ್ಚಿಗೆ ಒರಗಿ ಕೂತಿದ್ದ, ತೊಡೆಯ ಮೇಲೆ ವಾರಪತ್ರಿಕೆ. ಪುಸ್ತಕ ವಾಪಸು ಕೊಡಲು ಬಂದ ಹೆಂಗಸು, ನಿದ್ದೆ ಮಾಡುತ್ತಿದ್ದಾನೆಂದು ತಿಳಿದು, ಸದ್ದಾಗದಂತೆ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದರಂತೆ. ಆಮೇಲೆ ಬಂದ ಇನ್ನೊಬ್ಬರು ತೋಳು ಮುಟ್ಟಿ ನೋಡಿದರು. ಹಾರ್ಟ್ ಅಟ್ಯಾಕ್ ಎಂದರು ಡಾಕ್ಟರು. ಬಂದವರೆಲ್ಲ "ಪುಣ್ಯವಂತ, ನರಳಲಿಲ್ಲ, ಕೂತಲ್ಲೇ ಹೋದ" ಎಂದರು. ಇಂಥ ಸಮಾಧಾನ ಹೇಳುವವರ ನಾಲಿಗೆ ಬಿದ್ದುಹೋಗಲಿ ಎಂದು ನನಗೆ ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ. ಎಳೆ ಮಗು, ಅದರ ತಾಯಿ ಗೋಡೆಗೊರಗಿ ಕೂತಿದ್ದಾರೆ, ಇವರಿಗೆ ಅವನ ಪುಣ್ಯದ ಲೆಕ್ಕ.

ಅಮ್ಮ ಅವತ್ತಿನಿಂದ ಕೂರುವುದನ್ನು ಕಲಿತಳು. ಜಗಲಿಯ ಮೇಲೆ ಗಂಟೆಗಟ್ಟಲೆ ಕೂತಿರುತ್ತಿದ್ದಳು. ಅವಳನ್ನು ಮತ್ತೆ ಎಬ್ಬಿಸಿದ್ದು ಆ ಮಗುವಿನ ಕೈಯೇ. ಮುಂದಿನ ಯುಗಾದಿಗೆ, ಸಾವಿನ ವರ್ಷ ಹಬ್ಬ ಬೇಡವೆಂದು ನಾವು ಸುಮ್ಮನಿದ್ದರೆ, ಅಮ್ಮ ಬೇವುಬೆಲ್ಲ ಕಲಸಿ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಆ ಪುಟ್ಟ ಬೆರಳುಗಳನ್ನು ಬಟ್ಟಲಿಗೆ ಅದ್ದಿ ನನ್ನ ಅಂಗೈಗೆ ಒತ್ತಿಸಿದಳು. "ತಗೋ, ನಿನ್ ತಮ್ಮ ಕೊಡ್ತಾ ಇದಾನೆ" ಎಂದಳು. ನಾನು ತಿಂದೆ. ಅಳು ಬಂತು, ಬೇವಿನ ಕಹಿಗೆ ಬಂತೆಂಬಂತೆ ಮುಖ ಹಿಂಡಿದೆ.

ಮಗು ಬೆಳೆದಂತೆ ತಮ್ಮನೇ ಚಿಕ್ಕವನಾಗಿ ಮನೆಯಲ್ಲಿ ಓಡಾಡಿದ ಹಾಗಿತ್ತು. ಓಡಾಡಿದ ಎಂಬುದು ತಪ್ಪು ಮಾತು, ಕೂತಾಡಿದ ಎನ್ನಬೇಕು. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಹಿತಕಿದಬೇಳೆ ಮಾಡಲು ಎಲ್ಲರೂ ನೆನೆಸಿದ ಕಾಳಿನ ಬೋಗುಣಿಯ ಸುತ್ತ ಕೂರುತ್ತೇವೆ. ನಾವೆಲ್ಲ ಹೆಬ್ಬೆರಳಿನಿಂದ ಒತ್ತಿ ಸಿಪ್ಪೆ ಹಾರಿಸಿದರೆ ಅವಳು ತೋರುಬೆರಳು, ನಡುಬೆರಳಿನ ಸಂದಿಗೆ ಕಾಳನ್ನಿಟ್ಟು ಕತ್ತರಿಯ ಹಾಗೆ ಅದುಮುವಳು. ಅವಳಪ್ಪ ಹಿತಕುತ್ತಿದ್ದದ್ದೂ ಹಾಗೆಯೇ. ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನೊಂದು ದಿನ ಅವಳನ್ನು ಸ್ಕೂಲಿನಿಂದ ಕರೆದು ತರುವಾಗ ಅವಳು ಹೊಂಗೆ ಮರದ ಚಪ್ಪಡಿಯ ಮೇಲೆ ಕೂತಳು, ಆಮೇಲೆ ಮೋರಿ ಕಟ್ಟೆಯ ಮೇಲೆ. "ಅತ್ತೆ, ಒಂದ್ ನಿಮಿಷ" ಎಂದಳು. ಅದೇ ಕಲ್ಲು, ಅದೇ ಕಟ್ಟೆ, ಅದೇ ಸಾಲಿನಲ್ಲಿ. ನಾನು ಮನೆಗೆ ಬಂದು ಹೇಳಿದಾಗ ಅಮ್ಮ ಕಣ್ಣೊರೆಸಿಕೊಂಡು ನಕ್ಕಳು. ಮಗನಿಗೆ ಬೈದಿದ್ದ ಆಲಸ್ಯವನ್ನು ಮೊಮ್ಮಗಳಲ್ಲಿ ಕಂಡು ಮುದ್ದಿಸಿದಳು. "ಕೂತ್ಕೋ ಪುಟ್ಟಾ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತ್ಕೋ. ನಿಮ್ಮಪ್ಪಂಗೆ ಕೂರೋಕೆ ಬಿಡ್ಲಿಲ್ಲ ನಾನು."

ಮಗುವಿಗೆ ಪದೇ ಪದೇ ಕೆಮ್ಮು, ಎದೆ ಕಟ್ಟುವುದು. ಬೆಂಗಳೂರಿನ ಹವೆ, ಧೂಳು, ಬಿಟಿಎಂ ಕಡೆ ಎದ್ದ ಕಟ್ಟಡಗಳು ಎಂದು ದೂರು ಹೇಳಲು ನಮಗೆ ಕಾರಣಗಳ ಕೊರತೆಯಿರಲಿಲ್ಲ.

ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿನಲ್ಲಿ ಮಕ್ಕಳ ಆರೋಗ್ಯ ತಪಾಸಣೆ ಇಟ್ಟಿದ್ದರು. ಸಂಜೆ ಕರೆದುಕೊಂಡು ಬರಲು ಹೋದ ನನ್ನನ್ನು, ತಪಾಸಣೆಗೆ ಬಂದಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಪಕ್ಕಕ್ಕೆ ಕರೆದರು. ಮಗುವಿನ ಕೈ ಅವರ ಕೈಯಲ್ಲೇ ಇತ್ತು.

"ಮನೇಲಿ ಇನ್ಯಾರಿಗಾದ್ರೂ ಈ ಥರ ಹೆಬ್ಬೆಟ್ಟು ಇದೆಯಾ ಮೇಡಂ?"

"ಇವಳ ತಂದೆಗಿತ್ತು. ನಮ್ಮಪ್ಪಂಗಿತ್ತು. ತಾತಂಗೂ ಇತ್ತು. ನಮ್ ಮನೆತನದ್ದು ಅದು" ಎಂದೆ, ಸ್ವಲ್ಪ ಜಂಬದಿಂದಲೇ.

"ಇವಳ ತಂದೆ ಏನ್ ಮಾಡ್ತಾರೆ?"

"ಇಲ್ಲ. ತೀರ್ಕೊಂಡ."

"ಏನಾಗಿತ್ತು?"

"ಕೂತಿದ್ದ ಹಾಗೇ ಹೋದ. ಹಾರ್ಟ್ ಅಟ್ಯಾಕ್ ಅಂದ್ರು."

ಅವರು ಸ್ಟೆತಸ್ಕೋಪನ್ನು ಮತ್ತೆ ಕಿವಿಗೆ ಹಾಕಿಕೊಂಡು ಮಗುವಿನ ಎದೆಗೆ ಇಟ್ಟು ಬಹಳ ಹೊತ್ತು ಕೇಳಿದರು. "ತಡ ಮಾಡ್ಬೇಡಿ ಮೇಡಂ. ಹಾರ್ಟಿಗೆ ಒಂದು ಎಕೋ ಸ್ಕ್ಯಾನ್ ಮಾಡಿಸಿ" ಎಂದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ನಮಗೆ ಬೇಕಾಗಿತ್ತು. ನಾಲ್ಕು ತಲೆಮಾರು ಕೈಯಲ್ಲೇ ಹಿಡಿದುಕೊಂಡು ಓಡಾಡಿದರೂ ನಮಗೆ ಕಂಡಿರಲಿಲ್ಲ.

ಎಕೋದಲ್ಲಿ ಮಗುವಿನ ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು ಕಂಡಿತು, ಸಣ್ಣದಲ್ಲ. ದೊಡ್ಡ ಆಸ್ಪತ್ರೆಯ ಹೃದಯದ ಡಾಕ್ಟರು ವಯಸ್ಸಾದವರು, ಮಾತುಗಾರರು. ನಾನು ಜೀವಶಾಸ್ತ್ರದವಳು ಎಂದು ತಿಳಿದ ಮೇಲೆ ಇನ್ನೂ ಬಿಡಿಸಿ ಹೇಳಿದರು. ಕೈಯ ಎಕ್ಸ್‌ರೇಯನ್ನೂ ಎಕೋದ ಚಿತ್ರವನ್ನೂ ಪಕ್ಕಪಕ್ಕ ಇಟ್ಟು, "ಇದು ಎರಡು ಕಾಯಿಲೆ ಅಲ್ಲ ಮೇಡಂ, ಒಂದೇ" ಎಂದರು.

"ಬೆರಳಿಗೂ ಹಾರ್ಟಿಗೂ ಎಲ್ಲಿಯ ಸಂಬಂಧ ಸಾರ್?"

"ಟಿ-ಬಾಕ್ಸ್ ಅಂತ ಒಂದು ಪ್ರೋಟೀನ್ ಫ್ಯಾಮಿಲಿ ಇದೆ. ಇವು ತಾವಾಗಿ ಏನನ್ನೂ ಕಟ್ಟಲ್ಲ. ಡಿಎನ್‌ಎ ಹಿಡ್ಕೊಂಡು ಕೂತು, ಬೇರೆ ಜೀನ್‌ಗಳಿಗೆ ನೀನೀಗ ಶುರು ಮಾಡು, ನೀನಿನ್ನು ಸುಮ್ನಿರು ಅಂತ ಹೇಳೋದಷ್ಟೇ ಇವುಗಳ ಕೆಲಸ. ಮದುವೆ ಮನೇಲಿ ದೊಡ್ಡ ಭಟ್ಟರು ಇರ್ತಾರಲ್ಲ, ಸೌಟು ಮುಟ್ಟಲ್ಲ, ಬರೀ ಹೇಳ್ತಾ ಓಡಾಡ್ತಾರೆ. ಹಾಗೆ. ಅದರಲ್ಲಿ ಒಂದು ಪ್ರೋಟೀನಿಗೆ ಎರಡು ಒಲೆ ನೋಡೋ ಜವಾಬ್ದಾರಿ. ಹಾರ್ಟಿನ ಗೋಡೆ ಎಬ್ಬಿಸೋದು ಒಂದು, ಕೈ ಬೆಳೆಸಿ ಹೆಬ್ಬೆಟ್ಟು ಮಾಡೋದು ಇನ್ನೊಂದು."

ಆಮೇಲೆ ನಾಲ್ಕನೇ ಬ್ಲಾಕಿನ ಸೈಬರ್ ಕೆಫೆಯೊಂದರಲ್ಲಿ, ಚಾಟಿಂಗ್ ಮಾಡುವ ಹುಡುಗರ ನಡುವೆ ಸೆರಗು ಹೊದ್ದುಕೊಂಡು ಕೂತು ನಾನೂ ಓದಿದೆ. ಮೊದಲು ಗೊತ್ತಾದದ್ದು ಇಲಿಯಿಂದಂತೆ, ಮೊಂಡು ಬಾಲದ ಇಲಿ. ಬಾಲ ಬೆಳೆಯಲು ಹೇಳಬೇಕಾದ ಪ್ರೋಟೀನು ಅದರಲ್ಲಿ ಸರಿಯಾಗಿರಲಿಲ್ಲ. ಆಮೇಲೆ ಹುಡುಕಿದರೆ ಅದಕ್ಕೆ ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಸಿಕ್ಕರು. ಒಬ್ಬ ತೋಳಿಗೆ, ಒಬ್ಬ ಕಾಲಿಗೆ, ಒಬ್ಬ ಗಂಟಲಿಗೆ ಮುಖಕ್ಕೆ. ಡಿಎನ್‌ಎ ಹಿಡಿಯುವ ಭಾಗ ಮಾತ್ರ ಎಲ್ಲರಿಗೂ ಒಂದೇ ಅಚ್ಚು, ನಮ್ಮ ಮನೆಯವರ ಬೆರಳಿನ ಹಾಗೆ ಕುಲದ ಗುರುತು. ಮನುಷ್ಯನಲ್ಲಿ ಹೃದಯಕ್ಕೂ ಕೈಗೂ ಒಂದೇ ಜೀನು ಕಾರಣ ಎಂದು ತಿಳಿದದ್ದು ಕೆಲವೇ ವರ್ಷಗಳ ಹಿಂದೆ. ತಮ್ಮ ಸತ್ತ ಮೇಲೆ. ಪ್ರತಿ ಜೀನಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿ. ನಮ್ಮ ಮನೆಯ ಆ ಬೆರಳಿನವರಲ್ಲಿ ಒಂದು ಪ್ರತಿ ಮೂಕ. ಉಳಿದ ಒಂದರಿಂದ ಬರುವ ಅರ್ಧ ಪ್ರೋಟೀನು ಮೈಯ ಮಿಕ್ಕೆಲ್ಲ ಕಡೆ ಹೇಗೋ ಸಾಕಾಗುತ್ತದೆ, ಹೆಬ್ಬೆರಳಿಗೂ ಎದೆಗೂ ಸಾಕಾಗುವುದಿಲ್ಲ. ಬೆರಳು, ಹೃದಯ ಕಟ್ಟುವ ಈ ಕೆಲಸವೆಲ್ಲ ತಾಯಿಗೆ ತಾನು ಬಸುರಿ ಎಂದು ಗೊತ್ತಾಗುವ ಹೊತ್ತಿಗೆ ಶುರುವಾಗಿ, ವಾಂತಿ ನಿಲ್ಲುವುದರೊಳಗೆ ಮುಗಿದುಹೋಗಿರುತ್ತದೆ. ನಾನು ಪಾಠ ಹೇಳುತ್ತಿದ್ದ ಪುಸ್ತಕದಲ್ಲಿ ಬಟಾಣಿ ಗಿಡ, ನಾಲಿಗೆ ಮಡಚುವುದು, ಕಿವಿಯ ಹಾಲೆ ಇಷ್ಟೇ ಇದ್ದವು. ನನಗೆ ಯಾರ ಮೇಲೆಂದು ತಿಳಿಯದ ಸಿಟ್ಟು ಬಂತು. ಪಕ್ಕದ ಹುಡುಗ ಯಾವುದೋ ಜೋಕಿಗೆ ಜೋರಾಗಿ ನಕ್ಕ, ಅವನನ್ನು ಗದರಿಸಿ ಎದ್ದು ಬಂದೆ.

ಆಪರೇಷನ್ ಮಾಡಿ ತೂತು ಮುಚ್ಚಬೇಕು ಎಂದಿದ್ದರು ಡಾಕ್ಟರು. ಹಾಗೇ ಬಿಟ್ಟರೆ ರಕ್ತ ತಪ್ಪು ದಾರಿಯಲ್ಲಿ ನುಗ್ಗಿ ನುಗ್ಗಿ ಶ್ವಾಸಕೋಶ ಕೆಡುತ್ತದೆ, ಕೆಟ್ಟ ಮೇಲೆ ಮುಚ್ಚಲೂ ಆಗುವುದಿಲ್ಲ. ಹೃದಯ ಬಡಿತದ ಲಯ ತಪ್ಪುವ ಭಯವೂ ಈ ಮನೆತನದವರಿಗೆ ಇರುತ್ತದೆ, ಅದನ್ನು ಜೀವನಪೂರ್ತಿ ನೋಡಿಕೊಳ್ಳಬೇಕು. ನಾನು, ತಮ್ಮನ ಹೆಂಡತಿ ಮನೆಗೆ ಬಂದು ಅಮ್ಮನಿಗೆ ಇಷ್ಟನ್ನೂ ಹೇಳಿದೆವು. ಅಮ್ಮ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಆ ಬೆರಳಿಗೆ ರೋಗ ಅಂತಿದಾರಾ ಅವ್ರು?"

"ಬೆರಳಿಗಲ್ಲಮ್ಮ. ಬೆರಳು ಗುರುತು. ಹೃದಯದಲ್ಲಿ ತೂತಿದೆ."

"ನಿಮ್ಮಪ್ಪಂಗೆ ಅದೇ ಬೆರಳಿತ್ತು. ಎಪ್ಪತ್ತು ವರ್ಷ ಬದುಕಲಿಲ್ವಾ? ನಿಮ್ ತಾತ ಬದುಕಲಿಲ್ವಾ?"

"ಎಲ್ಲರಿಗೂ ಒಂದೇ ಥರ ಆಗಲ್ಲ ಅದು. ಒಬ್ರಿಗೆ ಬೆರಳಲ್ಲೇ ಮುಗಿಯತ್ತೆ, ಇನ್ನೊಬ್ರಿಗೆ ಎದೆಗೂ ಹೋಗತ್ತೆ. ಅಪ್ಪಂಗೆ ಸ್ವಲ್ಪದರಲ್ಲಿ ಹೋಯ್ತು, ಅಷ್ಟೇ."

"ಎದೆ ಕೊಯ್ಯಿಸ್ತೀರಾ ಮಗೂಗೆ? ನಾ ಒಪ್ಪಲ್ಲ. ಅವಳು ಅವಳಪ್ಪನ ಥರ, ಸ್ವಲ್ಪ ಮೆತ್ತಗೆ. ಇರ್ಲಿ ಬಿಡ್ರಿ. ಯಾರು ಓಡು ಅಂತಾರೆ ಅವಳಿಗೆ? ನಾನಂತೂ ಅನ್ನಲ್ಲ."

ಮೂರು ನಾಲ್ಕು ದಿನ ಮನೆಯಲ್ಲಿ ಇದೇ. ನಾನು ಕೂಗಾಡಿದೆ. ಕಾಗದದ ಮೇಲೆ ಹೃದಯ ಬರೆದು, ಗೋಡೆ ಬರೆದು, ತೂತು ಬರೆದು ತೋರಿಸಿದೆ. ಅವಳು ಅತ್ತ ನೋಡಲೇ ಇಲ್ಲ. ಅವಳು ದಡ್ಡಿಯಲ್ಲ, ಮೊಂಡು ಹಿಡಿದವಳೂ ಅಲ್ಲ. ಹಾಗಿದ್ದೂ ಯಾಕೆ ಹೀಗೆ ಎಂದು ನನಗೆ ತಲೆ ಕೆಟ್ಟುಹೋಗಿತ್ತು. ಕೊನೆಗೆ ಒಂದು ಬೆಳಿಗ್ಗೆ, ಎಂದೂ ಎದುರು ಮಾತಾಡದ ತಮ್ಮನ ಹೆಂಡತಿ ಕಾಫಿ ಲೋಟ ಅಮ್ಮನ ಮುಂದಿಟ್ಟು ನಿಂತಳು.

"ಅತ್ತೆ, ಸೋಮವಾರ ಅಡ್ಮಿಟ್ ಮಾಡ್ತೀನಿ. ನೀವು ಒಪ್ಪಿದ್ರೂ ಮಾಡ್ತೀನಿ, ಒಪ್ಪದಿದ್ರೂ ಮಾಡ್ತೀನಿ. ಅವರನ್ನ ಕೂತಿದ್ದ ಕಡೆಯಿಂದ ಎತ್ಕೊಂಡ್ ಬಂದ್ರು. ಇವಳನ್ನೂ ಹಾಗೆ ಎತ್ಕೊಂಡ್ ಬರೋದನ್ನ ನಾನು ನೋಡಲ್ಲ."

ಅಮ್ಮ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. ನಮ್ಮಿಬ್ಬರಲ್ಲಿ ಯಾರಿಗೆ ಹೇಳುತ್ತಿದ್ದಾಳೆಂದು ತಿಳಿಯದ ಹಾಗೆ, ಸಣ್ಣ ದನಿಯಲ್ಲಿ ಹೇಳಿದಳು:

"ಇವಳಿಗೆ ಇದೆ ಅಂತಾದ್ರೆ, ಅವನಿಗೂ ಇತ್ತು ಅಂತ ಆಯ್ತಲ್ಲ."

ಆಗ ನನಗೆ ಅರ್ಥವಾಯಿತು. ಅವಳು ಇಷ್ಟು ದಿನ ಬಾಗಿಲಿಗೆ ಅಡ್ಡ ನಿಂತಿದ್ದು ಮೊಮ್ಮಗಳ ಆಪರೇಷನ್ನಿಗಲ್ಲ. ಮಗುವಿನ ತೂತನ್ನು ಒಪ್ಪಿದರೆ, ಸೋಮಾರಿ ಎಂದು ದಿನವೂ ಬೈದ ಮಗ ಸೋಮಾರಿಯಾಗಿರಲಿಲ್ಲ ಎಂದು ಒಪ್ಪಬೇಕಾಗುತ್ತದೆ. "ನಮಗೆ ಗೊತ್ತಿಲ್ಲಮ್ಮ, ಅವನಿಗೆ ಎಕೋ ಮಾಡಿಸಿದ್ವಾ?" ಎಂದೆ. "ನಿಂಗೆ ಗೊತ್ತು" ಎಂದಳು. ಅಷ್ಟೇ. ಮತ್ತೆ ಬೇಡ ಎನ್ನಲಿಲ್ಲ. ಭಾನುವಾರ ಮಗುವಿಗೆ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿ, ಆ ಎರಡು ಬೆರಳನ್ನೂ ತನ್ನ ಕಣ್ಣಿಗೆ ಒತ್ತಿಕೊಂಡಳು.

ಆಪರೇಷನ್ ನಡೆದ ದಿನ ಆಸ್ಪತ್ರೆಯ ಬೆಂಚಿನ ಮೇಲೆ ನಾವು ಮೂವರು ಹೆಂಗಸರು ಕೂತಿದ್ದೆವು. ಮಧ್ಯಾಹ್ನ ದಾಟಿದ ಮೇಲೆ ಡಾಕ್ಟರು ಬಂದು ತೂತು ಮುಚ್ಚಿದೆ, ಮಗು ಚೆನ್ನಾಗಿದೆ ಎಂದರು. ತಮ್ಮನ ಹೆಂಡತಿ ಮುಖ ಮುಚ್ಚಿಕೊಂಡು ಅತ್ತಳು. ಅವಳು ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅಮ್ಮ ಡಾಕ್ಟರಿಗೆ ಕೈ ಮುಗಿದಳು. ಆಮೇಲೆ ಕೇಳಿದಳು:

"ಇದು ದೊಡ್ಡವರಿಗೂ ಮಾಡ್ತೀರಾ ಡಾಕ್ಟ್ರೇ?"

"ಮಾಡ್ತೀವಮ್ಮ. ಟೈಮಿಗೆ ಬಂದ್ರೆ."

"ಹತ್ತು ವರ್ಷದ ಹಿಂದೆನೂ ಮಾಡ್ತಿದ್ರಾ?"

"ಓ, ಅದಕ್ಕೂ ಮುಂಚೆಯಿಂದ್ಲೂ ಮಾಡ್ತಿದೀವಿ" ಎಂದರು ಡಾಕ್ಟರು, ಧೈರ್ಯ ಹೇಳುವ ದನಿಯಲ್ಲಿ. ಅವರಿಗೆ ಯಾಕೆ ಕೇಳಿದಳೆಂದು ಗೊತ್ತಾಗುವಂತಿರಲಿಲ್ಲ.

ಮಗು ಚೇತರಿಸಿಕೊಳ್ಳಲು ಕೆಲವು ತಿಂಗಳು ಹಿಡಿಯಿತು. ಎದೆಯ ಮೇಲೆ ಉದ್ದದ ಗಾಯದ ಗುರುತು ಉಳಿಯಿತು. ಮೊದಮೊದಲು ತನಗಾದದ್ದನ್ನು ತಾನೇ ನಂಬದವಳ ಹಾಗೆ ಹೊಂಗೆ ಮರದ ಚಪ್ಪಡಿ ಬಂದ ಕೂಡಲೇ ಕೂರಲು ಹೋಗುವಳು. ಆಮೇಲೆ ಕೂರದೆ ನಿಂತು ನೋಡುವಳು. ಆಮೇಲೆ ಒಂದು ದಿನ ನಿಲ್ಲದೆ ದಾಟಿಬಿಟ್ಟಳು. ನಾನು ಹಿಂದೆ ಉಳಿದೆ.

ತಮ್ಮ ಹೋದ ಮೇಲೆ ಅಮ್ಮ ರಾಗಿಗುಡ್ಡಕ್ಕೆ ಹೋಗುವುದನ್ನು ಬಿಟ್ಟಿದ್ದಳು. ಮಗುವಿಗೆ ಗುಣವಾದರೆ ಕರೆದುಕೊಂಡು ಬರುತ್ತೇನೆಂದು ತಮ್ಮನ ಹೆಂಡತಿ ಹರಕೆ ಹೊತ್ತಿದ್ದರಿಂದ ಒಂದು ಶನಿವಾರ ನಾಲ್ವರೂ ಹೋದೆವು. ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟ ಕೂಡಲೇ ಮಗು ಮೇಲೆ ನೋಡಿತು, ನಮ್ಮನ್ನು ನೋಡಿತು, ಲಂಗ ಎತ್ತಿ ಹಿಡಿದು ಓಡಿತು. "ಮೆಲ್ಲಗೆ" ಎಂದು ಅವಳ ತಾಯಿ ಹಿಂದೆಯೇ ಹೋದಳು. ಸಂಜೆಯ ಬಿಸಿಲು ಬಂಡೆಯ ಮೇಲಿತ್ತು. ಆ ಬೆರಳಿನವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದು, ಅಮ್ಮನ ಕಡೆ ತಿರುಗಿದೆ.

ನನ್ನ ತಮ್ಮ ಕೂರುತ್ತಿದ್ದ ಜಾಗದಲ್ಲಿ ಅಮ್ಮ ಕೂತಿದ್ದಳು. ನಮ್ಮ ಚಪ್ಪಲಿಗಳನ್ನು ಹತ್ತಿರಕ್ಕೆ ಎಳೆದುಕೊಂಡು ಜೋಡಿಜೋಡಿಯಾಗಿ ಇಡುತ್ತಿದ್ದಳು.

"ಏಳಮ್ಮಾ, ಹೋಗೋಣ."

"ಅವನೂ ಹೀಗೇ ಹತ್ತುತಿದ್ದ, ಅಲ್ವೇನೇ?" ಎಂದಳು. "ಒಂದ್ಸಲ ಯಾರಿಗಾದ್ರೂ ತೋರಿಸಿದ್ರೆ, ಅವನೂ ಹೀಗೇ ಓಡ್ಕೊಂಡ್ ಹತ್ತುತಿದ್ದ."

ನಾನು ಬಗ್ಗಿ, ಹೊರಗುಳಿದಿದ್ದ ನನ್ನ ಚಪ್ಪಲಿಯನ್ನು ಆ ಸಾಲಿಗೆ ಸೇರಿಸಿದೆ.

ಮೇಲಿನಿಂದ ಮಗು ಎರಡೂ ಕೈ ಎತ್ತಿ ಆಡಿಸುತ್ತ ಕೂಗುತ್ತಿತ್ತು, "ಅಜ್ಜೀ, ಬಾ." ಅಮ್ಮ ತಾನೂ ಕೈ ಎತ್ತಿ ಆಡಿಸಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ನೋಡದೆ ಹೇಳಿದಳು:

"ನೀನು ಹೋಗು. ಎಷ್ಟು ಶನಿವಾರ ಅವನೊಬ್ಬನನ್ನೇ ಇಲ್ಲಿ ಬಿಟ್ಟು ಹೋದೆ ನಾನು. ಇವತ್ತು ಅವನ ಜೊತೆ ಕೂತಿರ್ತೀನಿ."